ಡಿ3 ಸ್ಯಾಶೆ ದಿನಕ್ಕೊಂದಲ್ಲ, ವಾರಕ್ಕೊಂದು

ಪ್ರಶ್ನೆ: ವರ್ಷಕ್ಕೊಮ್ಮೆ ಒಂದೂವರೆ ತಿಂಗಳು, ಮಲಗಿ ಎರಡು ಗಂಟೆಯಾಗುವಷ್ಟರಲ್ಲಿ ಎಡಗಣ್ಣಿನ ಹಿಂದೆ ಚೂರಿ ಹಾಕಿದಂಥ ನೋವು. ಕ್ಲಸ್ಟರ್ ತಲೆನೋವು ಎಂದು ಹೇಳಿ, ಅದು ಬಾರದಂತೆ ತಡೆಯಲು ವೆರಾಪಮಿಲ್ ಮಾತ್ರೆ ಕೊಟ್ಟಿದ್ದಾರೆ. ದಿನಾ ಒಂದು ಡಿ3 (ವಿಟಮಿನ್ ಡಿ) ಪುಡಿಯ ಸ್ಯಾಶೆ ಕುಡಿದರೆ ನೋವು ಬರುವುದೇ ಇಲ್ಲವಂತೆ. ಚೀಟಿ ಇಲ್ಲದೆಯೂ ಅಂಗಡಿಯಲ್ಲಿ ಸಿಗುತ್ತದೆ. ಶುರು ಮಾಡಲೇ?
– ಓದುಗರು, ಮಂಡ್ಯ

ಬೇಡ. ಇದೇ ಪ್ರಶ್ನೆ ಬೇರೆ ಬೇರೆ ಕೈಬರಹದಲ್ಲಿ ಬರುತ್ತಲೇ ಇದೆ, ಹಾಗಾಗಿ ಈ ಸಲ ಬಿಡಿಸಿ ಹೇಳುತ್ತೇನೆ. ಆ ಸ್ಯಾಶೆಯಲ್ಲಿರುವುದು 60,000 ಯೂನಿಟ್. ಕೊರತೆ ಇರುವವರಿಗೆ ವಾರಕ್ಕೊಂದರಂತೆ 8 ವಾರ ಕೊಡುವುದು ವಾಡಿಕೆ. ದಿನಕ್ಕೆ ಸುಮಾರು 8,500 ಯೂನಿಟ್ ಬಿತ್ತು. ನೀವು ಕೇಳುತ್ತಿರುವ ಲೆಕ್ಕದಲ್ಲಿ ತಿಂಗಳಿಗೆ 18 ಲಕ್ಷ! ವೈದ್ಯರ ನಿಗಾ ಇಲ್ಲದೆ ವಯಸ್ಕರು ದಿನಕ್ಕೆ 4,000 ದಾಟಬಾರದು.

ಡಿ ವಿಟಮಿನ್‌ನಿಂದ ನೋವು ಕಡಿಮೆಯಾಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಅದು ಬಹುಮಟ್ಟಿಗೆ ರೋಗಿಗಳೇ ಹೇಳಿಕೊಂಡ ಅನುಭವ. ಈ ನೋವು ಕೆಲವು ವಾರ ಕಾಡಿ ತಾನಾಗಿಯೇ ಹೋಗುವಂಥದ್ದು. ಕೊನೆಯ ವಾರ ಏನು ನುಂಗಿದ್ದರೋ ಅದಕ್ಕೆ ಹೆಸರು ಬರುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೆ. ಕೊರತೆ ಇದ್ದರೆ ತುಂಬಿಕೊಳ್ಳಿ, ನೋವೂ ತಗ್ಗಿದರೆ ಲಾಭ.

ಮೊದಲು ರಕ್ತ ಕೊಡಿ: 25-ಹೈಡ್ರಾಕ್ಸಿ ವಿಟಮಿನ್ ಡಿ, ಕ್ಯಾಲ್ಸಿಯಂ, ಆಲ್ಬುಮಿನ್, ಕ್ರಿಯಾಟಿನಿನ್, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್). ಡಿ ಒಂದನ್ನೇ ಮಾಡಿಸಿ ಬರುತ್ತೀರಿ, ಅದು ಸಾಲದು. ಪ್ಯಾರಾಥೈರಾಯ್ಡ್ ಗ್ರಂಥಿಯ ತೊಂದರೆ ಒಳಗೇ ಇದ್ದರೆ ಡಿ ಕಡಿಮೆ, ಕ್ಯಾಲ್ಸಿಯಂ ಜಾಸ್ತಿ ಇರುತ್ತದೆ. ಅಂಥವರಿಗೆ ಸ್ಯಾಶೆ ಕೊಟ್ಟರೆ ಉರಿಯುವ ಬೆಂಕಿಗೆ ತುಪ್ಪ. ವರದಿಯಲ್ಲಿ ಅಳತೆ ಯಾವುದು ನೋಡಿ. ಮಿಲಿ ಲೀಟರಿಗೆ 20 ನ್ಯಾನೋಗ್ರಾಂ ಎಂದರೂ ಲೀಟರಿಗೆ 50 ನ್ಯಾನೋಮೋಲ್ ಎಂದರೂ ಒಂದೇ. ನ್ಯಾನೋಗ್ರಾಂ ಲೆಕ್ಕದಲ್ಲಿ 20ಕ್ಕಿಂತ ಕೆಳಗೆ ಕೊರತೆ, 100 ದಾಟಿದರೆ ನಿಲ್ಲಿಸಿ. ಮೂತ್ರಪಿಂಡದ ಕಲ್ಲು, ಕ್ಷಯ, ಸಾರ್ಕಾಯ್ಡೋಸಿಸ್ ಇದ್ದವರು, ಡಿಗಾಕ್ಸಿನ್ (ಹೃದಯದ ಮಾತ್ರೆ) ಅಥವಾ ಥಯಾಜೈಡ್ (ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ) ನುಂಗುವವರು ತಾವಾಗಿ ಶುರು ಮಾಡಲೇಬಾರದು.

ಕೊರತೆ ಕಂಡು ವೈದ್ಯರು ಬರೆದುಕೊಟ್ಟರೆ, ಸ್ಯಾಶೆಯನ್ನು ಊಟದ ನಂತರ ಒಂದು ಲೋಟ ಹಾಲಿನಲ್ಲಿ ಕದಡಿ ಕುಡಿಯಿರಿ. ಜಿಡ್ಡಿಲ್ಲದ ಬರಿಹೊಟ್ಟೆಯಲ್ಲಿ ಸರಿಯಾಗಿ ಒಳಗಿಳಿಯುವುದಿಲ್ಲ. ತಂದ ದಿನವೇ ಎಂಟೂ ಪೊಟ್ಟಣಗಳ ಮೇಲೆ ಎಂಟು ಭಾನುವಾರಗಳ ತಾರೀಖು ಬರೆದಿಡಿ. ಕ್ಯಾಲ್ಸಿಯಂ ಮಾತ್ರೆಯನ್ನು ಜೊತೆಗೆ ಸೇರಿಸಬೇಡಿ; ಹಲವು ಮಾತ್ರೆಗಳಲ್ಲಿ ಡಿ3ಯೂ ಬೆರೆತಿರುತ್ತದೆ. ಕ್ಯಾಲ್ಸಿಟ್ರಯಾಲ್ ಬೇರೆಯೇ ಔಷಧ, ‘ಅದೇ ಸಾರ್’ ಎಂದು ಅಂಗಡಿಯವರು ಕೊಟ್ಟರೆ ವಾಪಸು ಕೊಡಿ. ಮೂರು ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ.

ಹೆಚ್ಚಾದರೆ ಏನಾಗುತ್ತದೆ? ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಬಾಯಾರಿಕೆ, ಪದೇಪದೇ ಮೂತ್ರ, ವಾಕರಿಕೆ, ಮಲಬದ್ಧತೆ, ಮಂಕು. ಇಲ್ಲೊಂದು ಮೋಸವಿದೆ: ವೆರಾಪಮಿಲ್‌ನಿಂದಲೂ ಮಲಬದ್ಧತೆ ಬರುತ್ತದೆ, ಹಾಗಾಗಿ ‘ಮಾತ್ರೆ ದೆಸೆ’ ಎಂದು ಬಾಳೆಹಣ್ಣು ತಿಂದು ಸುಮ್ಮನಿರುತ್ತೀರಿ. ವೆರಾಪಮಿಲ್ ಜೀವಕೋಶದೊಳಕ್ಕೆ ಕ್ಯಾಲ್ಸಿಯಂ ಹೋಗುವ ದಾರಿಗೆ ಅಡ್ಡ ನಿಲ್ಲುವ ಔಷಧ. ರಕ್ತದಲ್ಲಿ ಕ್ಯಾಲ್ಸಿಯಂ ಉಕ್ಕಿದರೆ ಅದರ ಬಲವೇ ಕುಂದಬಹುದು. ಆಗ ಮಾತ್ರೆ ಏರಿಸಲು ಹೊರಡುತ್ತೀರಿ, ಇಸಿಜಿ ಇಲ್ಲದೆ ಏರಿಸಿದರೆ ಹೃದಯಕ್ಕೆ ಕುತ್ತು. ಡಿ ಕೊಬ್ಬಿನಲ್ಲಿ ಕೂತಿರುತ್ತದೆ, ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಇಳಿಯುವುದಿಲ್ಲ.

ರಾತ್ರಿ ನೋವು ಬಂದಾಗ ಡಿ ಏನೂ ಮಾಡದು. ಆಗ ಬೇಕಾದದ್ದು ಆಮ್ಲಜನಕ: ಚೀಲವಿರುವ ನಾನ್-ರೀಬ್ರೀದರ್ ಮಾಸ್ಕ್, ನಿಮಿಷಕ್ಕೆ 12ರಿಂದ 15 ಲೀಟರ್, 15 ನಿಮಿಷ, ನೇರ ಕೂತು. 5 ಲೀಟರಿನ ಕಾನ್ಸಂಟ್ರೇಟರ್, ಮೂಗಿನ ನಳಿಕೆ ಎರಡೂ ದಂಡ. 1,500 ಲೀಟರಿನ ಬಿ ಟೈಪ್ ಸಿಲಿಂಡರ್ ಏಳೆಂಟು ಸಲಕ್ಕೆ ಬರುತ್ತದೆ. ಅದನ್ನು ದೇವರ ಮನೆಯ ಪಕ್ಕ ಇಡಬೇಡಿ, ಬೀಡಿ ಹಚ್ಚಬೇಡಿ. ಬೀಡಿ ಸೇದಿ ಶ್ವಾಸಕೋಶ ಕೆಟ್ಟಿದ್ದರೆ ವೈದ್ಯರನ್ನು ಕೇಳದೆ ಇದೂ ಬೇಡ.

ಪ್ರಶ್ನೆ: ದಿನಾ ಬೆಳಿಗ್ಗೆ 6.30ಕ್ಕೆ ಕುಕ್ಕರಹಳ್ಳಿ ಕೆರೆ ಸುತ್ತುತ್ತೇನೆ. ಆದರೂ ಡಿ ಕಡಿಮೆ ಏಕೆ?
ಆ ಬಿಸಿಲಿನಲ್ಲಿ ಡಿ ತಯಾರಿಸುವ ಕಿರಣ ಇಲ್ಲವೆನ್ನುವಷ್ಟು ಕಡಿಮೆ. ನೆರಳು ನಿಮಗಿಂತ ಗಿಡ್ಡವಾಗುವ ಹೊತ್ತಿಗೆ ತೋಳು ಬಿಟ್ಟುಕೊಂಡು ಹೊರಗೆ ಬನ್ನಿ.

ಪ್ರಶ್ನೆ: ದಿನಕ್ಕೆರಡು ರಾಗಿಮುದ್ದೆ ಉಣ್ಣುತ್ತೇನೆ, ಸಾಲದೇ?
ರಾಗಿಯಲ್ಲಿರುವುದು ಕ್ಯಾಲ್ಸಿಯಂ, ಡಿ ಅಲ್ಲ.

ಪ್ರಶ್ನೆ: 6 ಲಕ್ಷ ಯೂನಿಟ್‌ನ ಡಿ ಇಂಜೆಕ್ಷನ್ ಒಂದೇ ಸಲ ಹಾಕಿಸಿಕೊಂಡರೆ ರಗಳೆ ತಪ್ಪುತ್ತದಲ್ಲ?
ಹಾಕಿದ್ದನ್ನು ಹೊರಗೆ ತೆಗೆಯಲು ಬರುವುದಿಲ್ಲ. ಬೇಡ.

ಪ್ರಶ್ನೆ: ಈ ತಲೆನೋವನ್ನು ಸೈನಸ್ ಎಂದು ಮೂಗಿಗೆ ಬೆಳ್ಳುಳ್ಳಿ ರಸ ಬಿಡುತ್ತಾರೆ, ದವಡೆ ಹಲ್ಲು ಕೀಳಿಸು ಎನ್ನುತ್ತಾರೆ.
ರಸ ಬಿಡುವವರ ಮನೆಗೆ ಹೋಗಬೇಡಿ. ಹಲ್ಲು ಹುಳುಕಾಗಿಲ್ಲದಿದ್ದರೆ ಇದ್ದಲ್ಲೇ ಇರಲಿ.

ಪ್ರಶ್ನೆ: ಮೊದಲ ಸಲ ಇಂಥ ನೋವು ಬಂತು. ಕತ್ತೂ ನೋಯುತ್ತಿದೆ, ನೋವು ತಗ್ಗಿದರೂ ರೆಪ್ಪೆ ಜೋತುಬಿದ್ದೇ ಇದೆ. ಎಷ್ಟು ಡಿ ತೆಗೆದುಕೊಳ್ಳಲಿ?
ಕತ್ತಿನ ರಕ್ತನಾಳ ಸೀಳಿದಾಗಲೂ ಹೀಗಾಗುತ್ತದೆ. ಪತ್ರ ಹಾಕಿ ಕಾಯುವ ವಿಷಯವಲ್ಲ, ಇದನ್ನು ಓದಿದ ಕೂಡಲೇ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ.