ಆಪ್ತಸಲಹೆ ಪ್ರಕರಣ: ಮಗುವಿಗೆ ಮೇಲಿನ ಹಲ್ಲು ಮೊದಲು ಬಂದಾಗ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ಕಡೆಯ ಯುವ ತಾಯಿಯೊಬ್ಬರನ್ನು ಅವರ ಅತ್ತೆಯೇ ನನ್ನ ಬಳಿ ಕರೆತಂದರು. ಸೊಸೆಗೆ ರಾತ್ರಿ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಯಾರಾದರೂ ಮಗುವನ್ನು ನೋಡಲು ಬಂದರೆ ಅದರ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಾಳೆ ಎಂಬುದು ಅತ್ತೆಯ ಅಳಲು. ಹತ್ತು ತಿಂಗಳ ಮಗು ತಾಯಿಯ ಬಳೆ ಕಚ್ಚುತ್ತಿತ್ತು. ಮೇಲಿನ ಒಸಡಿನಲ್ಲಿ ಎರಡು ಹಲ್ಲುಗಳಿದ್ದವು, ಕೆಳಗಿನ ಒಸಡು ಬರಿದಾಗಿತ್ತು.

ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗಿಬರುವುದಿಲ್ಲ ಎಂಬ ಮಾತು ನಮ್ಮ ಕಡೆ ಇನ್ನೂ ಉಳಿದಿದೆ. ಹಲ್ಲು ಕಂಡ ಕೆಲವೇ ದಿನಗಳಲ್ಲಿ ಈಕೆಯ ಅಣ್ಣ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡರು. ಶಾಂತಿ ಮಾಡಿಸುವ ತನಕ ಮಗುವನ್ನು ಕರೆತರಬೇಡವೆಂದು ತವರಿನವರು ಹೇಳಿದರು. ನೆಂಟರೊಬ್ಬರಂತೂ ಆ ಹಲ್ಲುಗಳನ್ನು ಕೀಳಿಸಿಬಿಡು ಎಂದಿದ್ದರು. ತನ್ನ ಮಗುವೇ ತನ್ನ ಒಡಹುಟ್ಟಿದವನಿಗೆ ಮುಳುವಾಯಿತೆಂದು ನವೆಯುತ್ತಿರುವ ತಾಯಿಯ ಸಂಕಟವನ್ನು ಮೂಢನಂಬಿಕೆಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಕ್ರೌರ್ಯವೆಂದು ನಾನು ಭಾವಿಸುತ್ತೇನೆ. ಅದಕ್ಕಾಗಿ ಮೊದಲ ಭೇಟಿಯಲ್ಲಿ ಆಕೆಯ ಮಾತನ್ನು ಕೇಳಿದೆನೇ ಹೊರತು ಹೆಚ್ಚೇನೂ ಹೇಳಲಿಲ್ಲ.

ಎರಡನೆಯ ಭೇಟಿಗೆ ಅಣ್ಣ ಅತ್ತಿಗೆಯರನ್ನೂ ಕರೆಸಿದೆ. ಸಾಮಾನ್ಯವಾಗಿ 6ರಿಂದ 10 ತಿಂಗಳೊಳಗೆ ಕೆಳಗಿನ ನಡುವಿನ ಎರಡು ಹಲ್ಲುಗಳು, ಆಮೇಲೆ 8ರಿಂದ 12 ತಿಂಗಳೊಳಗೆ ಮೇಲಿನವು ಮೂಡುತ್ತವೆಯಾದರೂ, ಈ ಕ್ರಮ ಹಿಂದುಮುಂದಾಗುವುದು ರೋಗವೂ ಅಲ್ಲ, ದೋಷವೂ ಅಲ್ಲ ಎಂದು ವಿವರಿಸಿದೆ. ಹಾಲುಹಲ್ಲುಗಳು ಗಟ್ಟಿಯಾಗಲು ಆರಂಭಿಸುವುದು ಗರ್ಭದ ನಾಲ್ಕನೆಯ ತಿಂಗಳ ಹೊತ್ತಿಗೇ. "ಹಾಗಾದರೆ ನಾನು ಬೀಳುವುದಕ್ಕೆ ಎಷ್ಟೋ ಮುಂಚೆಯೇ ಈ ಹಲ್ಲು ಇತ್ತಲ್ಲ ಮೇಡಂ, ನಾನು ಬಿದ್ದದ್ದು ಕತ್ತಲಲ್ಲಿ ಹಳ್ಳ ಕಾಣದೆ" ಎಂದು ಅಣ್ಣನೇ ಹೇಳಿದರು. ದುಡಿಯುವ ಕೈ ಮನೆಯಲ್ಲಿ ಕೂತಿರುವ ಭಯವೇ ಮಗುವಿನ ಮೇಲಿನ ದೂರಾಗಿದೆ ಎಂಬುದು ಅತ್ತಿಗೆಯ ಮಾತುಗಳಿಂದ ತಿಳಿಯಿತು.

ಪೂಜೆ ಮಾಡಿಸುವುದಿದ್ದರೆ ಮಾಡಿಸಲಿ, ಆದರೆ ಮಗುವನ್ನು ದೂರ ಇಡುವುದಾಗಲಿ ಹಲ್ಲಿಗೆ ಕೈ ಹಾಕುವುದಾಗಲಿ ಕೂಡದು ಎಂದೆ. ಒಟ್ಟು 20 ಹಾಲುಹಲ್ಲುಗಳು ಸುಮಾರು ಮೂರು ವರ್ಷದೊಳಗೆ ಬಂದು, ಆರು ವರ್ಷದಿಂದ ಹನ್ನೆರಡರವರೆಗೆ ಒಂದೊಂದಾಗಿ ತಾವಾಗಿಯೇ ಬೀಳುತ್ತವೆ. ಒಸಡಿನೊಳಗಿನ ಶಾಶ್ವತ ಹಲ್ಲು ಹೊರಬರುತ್ತಾ ಬಂದಂತೆ ಹಾಲುಹಲ್ಲಿನ ಬೇರು ಕರಗುತ್ತದೆ. ಅಲ್ಲಿಯವರೆಗೆ ಅದು ಶಾಶ್ವತ ಹಲ್ಲಿಗೆ ಜಾಗ ಕಾದಿಡುತ್ತದೆ. ಮೊದಲ ಹಲ್ಲಿನಿಂದಲೇ ದಿನಕ್ಕೆರಡು ಸಲ ಮೃದುವಾದ ಬ್ರಷ್ಷಿನಿಂದ, ಅಕ್ಕಿಕಾಳಿನಷ್ಟು ಪೇಸ್ಟ್ ಹಾಕಿ ಉಜ್ಜಬೇಕು. ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸಬಾರದು. ನಮ್ಮ ಜಿಲ್ಲೆಯ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿದ್ದು, ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವ ಈ ವರ್ಷಗಳಲ್ಲಿ ಅದು ಕಲೆ ಉಳಿಸುವುದರಿಂದ, ಶುದ್ಧೀಕರಿಸಿದ ಕುಡಿಯುವ ನೀರನ್ನೇ ಕೊಡುವಂತೆ ಒತ್ತಿ ಹೇಳಿದೆ. ಮಗುವಿನ ಭೇದಿಯನ್ನು ಹಲ್ಲಿನದೆಂದು ಬಿಟ್ಟಿದ್ದರು. ಜೋರು ಜ್ವರಕ್ಕೂ ಭೇದಿಗೂ ಹಲ್ಲು ಕಾರಣವಲ್ಲವೆಂದು ತಿಳಿಸಿ ಅಂದೇ ಆಸ್ಪತ್ರೆಗೆ ಕಳಿಸಿದೆ.

ತಾಯಿಗೆ ಪ್ರತ್ಯೇಕವಾಗಿ ಹೇಳಿದ್ದು ಇಷ್ಟು: ನಿದ್ದೆಗೇಡು ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ ಮನೋವೈದ್ಯರನ್ನು ಕಾಣಬೇಕು, ರಾತ್ರಿ ಮನಸ್ಸು ತಡೆಯದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು. ಮುಂದಿನ ಭೇಟಿಗೆ ಆಕೆ ತವರಿನಿಂದಲೇ ಬಂದರು. ನಿದ್ದೆ ಸುಧಾರಿಸಿತ್ತು, ಆದರೆ ತನ್ನ ಹೆತ್ತ ತಾಯಿಯ ಮೇಲೆ ಆಕೆಗಿದ್ದ ಮುನಿಸು ಇನ್ನೂ ಹೋಗಿರಲಿಲ್ಲವಾದ್ದರಿಂದ ಭೇಟಿಗಳನ್ನು ಮುಂದುವರಿಸಿದ್ದೇವೆ.