ಪ್ರತಿ: ದೇವಿಮನೆ ಘಟ್ಟಕ್ಕೆ ಜಿಟಿಐ ಸಾಕಾ, ಎ35 ಬೇಕಾ?

ವಾರವಾರ ಶಿರಸಿಯಿಂದ ಕುಮಟಾಕ್ಕೆ ಓಡಾಡಲು ಫೋಕ್ಸ್‌ವ್ಯಾಗನ್‌ನ ಗಾಲ್ಫ್ ಜಿಟಿಐ ಕಾರು ಸಾಕಾ, ಮರ್ಸಿಡಿಸ್‌ನ ಎಎಂಜಿ ಎ35 ಬೇಕಾ ಎಂದು ಕೇಳಿದ್ದೀರಿ. ಮಳೆಯಲ್ಲಿ ದೇವಿಮನೆ ಘಟ್ಟ ಹತ್ತುವಾಗ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಜಿಟಿಐಯಲ್ಲಿ ಗಾಡಿ ಎಳೆಯುವುದೂ ತಿರುಗಿಸುವುದೂ ಮುಂದಿನ ಎರಡೇ ಚಕ್ರಗಳ ಕೆಲಸ. ತಿರುವಿನ ನಡುವೆ ಆಕ್ಸಿಲರೇಟರ್ ಜಾಸ್ತಿ ಒತ್ತಿದರೆ ಮೂತಿ ಹೊರಗೆ ಸರಿಯುತ್ತದೆ. ಕಾಲು ನಿಧಾನಕ್ಕೆ ಸಡಿಲಿಸಿ, ಒಳಗೆ ಬರುತ್ತದೆ. ಅದರ ಡಿಫರೆನ್ಷಿಯಲ್ ಲಾಕ್ (ಮುಂದಿನ ಎರಡು ಚಕ್ರಗಳ ನಡುವೆ ಬಲ ಹಂಚುವ ವ್ಯವಸ್ಥೆ) ತಿರುವಿನ ಹೊರಬದಿಯ ಚಕ್ರಕ್ಕೆ ಹೆಚ್ಚು ಬಲ ಕಳಿಸಿ ತುಂಬಾ ಸಹಾಯ ಮಾಡುತ್ತದೆ. ಎ35 ಬೇಕಾದಾಗ ಅರ್ಧದಷ್ಟು ಬಲವನ್ನು ಹಿಂದಿನ ಚಕ್ರಗಳಿಗೆ ಕೊಡುತ್ತದೆ. ಒದ್ದೆ ಹೇರ್‌ಪಿನ್ ತಿರುವಿನಿಂದ ಹೊರಬೀಳುವಾಗ ಅದೇ ಮೇಲು.

ಆದರೆ ಕುಮಟಾ ಕಡೆ ಇಳಿಯುವಾಗ? ಬ್ರೇಕ್ ಒತ್ತಿದರೆ ಎರಡರಲ್ಲೂ ಹಿಡಿತ ಕೊಡುವುದು ನಾಲ್ಕು ಟೈರ್ ಅಲ್ವಾ! ನಾನಾದರೆ ಜಿಟಿಐ ತಗೊಂಡು, ಮಳೆಗಾಲಕ್ಕೆ ಮುಂಚೆ ಹೊಸ ಟೈರ್ ಹಾಕಿಸುತ್ತೇನೆ.