‘ಆಗ್ತಾ ಇದೆ ಸರ್’ ಅಂದರೆ ಎಷ್ಟು ಆಗಿದೆ?

ಟೀಮ್ ನಡೆಸುವವರಿಂದ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಲ ತೆಗೆದುಕೊಂಡಿದ್ದೇನೆ. ಮೂವರು ಕಂಪ್ಯೂಟರ್ ಮುಂದೆ ಕೂರುವವರು, ಒಬ್ಬರು ಬಿಸಿಲಲ್ಲಿ ನಿಲ್ಲುವವರು. ಕೇಳಿರುವ ಕಷ್ಟಗಳು ಮಾತ್ರ ಹತ್ತಿರದ ಸಂಬಂಧಿಕರಂತಿವೆ.

ಪ್ರಶ್ನೆ: ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಟೀಮಿನಲ್ಲಿ ಒಂಬತ್ತು ಜನ. ಪ್ರತಿ ಸೋಮವಾರ ಸ್ಟೇಟಸ್ ಮೀಟಿಂಗ್‌ನಲ್ಲಿ ಕೇಳಿದರೆ ‘ಆಗ್ತಾ ಇದೆ ಸರ್, ತೊಂಬತ್ತು ಪರ್ಸೆಂಟ್ ಮುಗಿದಿದೆ’ ಅಂತಾರೆ. ರಿಲೀಸ್‌ಗೆ ನಾಲ್ಕು ದಿನ ಇರುವಾಗ ಒಂದೊಂದೇ ತೊಂದರೆ ಹೊರಗೆ ಬರುತ್ತೆ. ನಾನು ಯಾರಿಗೂ ಬೈಯುವವನಲ್ಲ. ಆದರೂ ಯಾಕೆ ಮುಚ್ಚಿಡ್ತಾರೆ?

ನೀವು ಬೈಯುವವರಲ್ಲ ಅನ್ನೋದನ್ನು ನಂಬುತ್ತೇನೆ. ಆದರೆ ಜನರ ಬಾಯಿ ಮುಚ್ಚಿಸೋಕೆ ಬೈಗುಳವೇ ಬೇಕಿಲ್ಲ.

ನನ್ನದೇ ಒಂದು ಘಟನೆ ಹೇಳುತ್ತೇನೆ. ನಾನು ಹೊಸದಾಗಿ ಮ್ಯಾನೇಜರ್ ಆಗಿದ್ದೆ. ಒಂದು ಬ್ಯಾಂಕಿನ ಹಳೇ ಖಾತೆಗಳ ಮಾಹಿತಿಯನ್ನು ಹೊಸ ವ್ಯವಸ್ಥೆಗೆ ಸಾಗಿಸುವ ಕೆಲಸ. ಟೀಮಿನ ಹುಡುಗಿಯೊಬ್ಬಳು ಮೀಟಿಂಗ್‌ನಲ್ಲಿ, ‘ಸರ್, ಹಳೇ ದಾಖಲೆಗಳಲ್ಲಿ ಹುಟ್ಟಿದ ದಿನಾಂಕವನ್ನ ಮೂರು ಥರ ಬರೆದಿದ್ದಾರೆ, ನಮ್ಮ ಪ್ರೋಗ್ರಾಂ ಎರಡನ್ನ ಮಾತ್ರ ಓದುತ್ತೆ’ ಅಂದಳು. ನಾನು ‘ಇದನ್ನ ಈಗ ಹೇಳ್ತಾ ಇದ್ದೀರಾ?’ ಅಂದೆ. ಅಷ್ಟೇ. ದನಿ ಕೂಡ ಏರಿಸಲಿಲ್ಲ. ಆಮೇಲೆ ಎರಡು ತಿಂಗಳು ಆ ಮೀಟಿಂಗ್‌ನಲ್ಲಿ ಯಾರೂ ತಾವಾಗಿ ಏನೂ ಹೇಳಲಿಲ್ಲ. ಆಕೆ ಆ ತೊಂದರೆ ಕಂಡುಹಿಡಿದದ್ದು ಹಿಂದಿನ ಸಂಜೆ. ಮರುದಿನ ಬೆಳಿಗ್ಗೆಯೇ ಹೇಳಿದ್ದಳು. ಅದಕ್ಕಿಂತ ಬೇಗ ಹೇಗೆ ಹೇಳೋಕಾಗುತ್ತೆ? ಇದು ನನಗೆ ಗೊತ್ತಾಗಿದ್ದು ಆಕೆ ಕೆಲಸ ಬಿಟ್ಟು ಹೋಗುವ ದಿನ. ಇವತ್ತಿಗೂ ಆ ಮಾತು ನನ್ನನ್ನು ಕಾಡುತ್ತೆ.

ಇದರ ಜೊತೆಗೆ ನಾವು ಬೆಳೆದ ರೀತಿಯೂ ಇದೆ. ದೊಡ್ಡವರು ಏನಾದರೂ ಕೇಳಿದರೆ ‘ಆಗಲ್ಲ’ ಅಂತ ಮುಖಕ್ಕೆ ಹೇಳಬಾರದು ಅಂತ ನಮಗೆಲ್ಲ ಮನೆಯಲ್ಲೇ ಕಲಿಸಿದ್ದಾರೆ. ‘ನೋಡೋಣ’, ‘ಮಾಡ್ತೀನಿ’, ‘ಆಗ್ತಾ ಇದೆ’ ಇವೆಲ್ಲ ಎಷ್ಟೋ ಸಲ ‘ಆಗಲ್ಲ’ ಅನ್ನೋದನ್ನೇ ಮರ್ಯಾದೆಯಿಂದ ಹೇಳುವ ಬಗೆ. ನಿಮ್ಮ ಹುಡುಗರು ಸುಳ್ಳು ಹೇಳುತ್ತಿಲ್ಲ. ನಿಮ್ಮ ಪ್ರಶ್ನೆಗೆ ಮರ್ಯಾದೆಯ ಉತ್ತರ ಕೊಡುತ್ತಿದ್ದಾರೆ. ಹಾಗಾಗಿ ಬದಲಾಗಬೇಕಾದ್ದು ಪ್ರಶ್ನೆ.

‘ಎಷ್ಟು ಪರ್ಸೆಂಟ್ ಆಯ್ತು’ ಅಂತ ಕೇಳೋದನ್ನು ಬಿಟ್ಟುಬಿಡಿ. ಆ ಪ್ರಶ್ನೆಗೆ ತೊಂಬತ್ತು ಅನ್ನೋದೇ ಎಲ್ಲರಿಗೂ ಸುಲಭದ ಉತ್ತರ. ‘ಇನ್ನೂ ಏನೇನು ಉಳಿದಿದೆ?’ ಅಂತ ಕೇಳಿ. ‘ಯಾರಿಂದ ಏನು ಬರಬೇಕು ಅಂತ ಕಾಯ್ತಾ ಇದ್ದೀರಾ?’, ‘ಇದರಲ್ಲಿ ನಿಮಗೆ ಭಯ ಇರೋದು ಯಾವ ಭಾಗದ ಬಗ್ಗೆ?’ ಅಂತ ಕೇಳಿ. ಮುಗಿದಿದೆ ಅಂದರೆ ‘ಎಲ್ಲಿ, ಒಂದ್ಸಲ ಓಡಿಸಿ ತೋರಿಸಿ’ ಅನ್ನಿ. ಅನುಮಾನದಿಂದಲ್ಲ, ಆಸಕ್ತಿಯಿಂದ. ಆ ವ್ಯತ್ಯಾಸ ನಿಮ್ಮ ಮುಖದಲ್ಲೇ ಅವರಿಗೆ ಕಾಣುತ್ತೆ.

ನಮ್ಮ ಬಿಡದಿಯಲ್ಲೂ ಕಾರ್ಖಾನೆ ಇರುವ ಟೊಯೋಟಾ ಕಂಪನಿಯ ಒಂದು ಪದ್ಧತಿ ನೋಡಿ. ಅದರ ಜಪಾನಿ ಹೆಸರು ಆಂಡನ್. ಕಾರು ಜೋಡಿಸುವ ಲೈನಿನಲ್ಲಿ ಯಾವ ಕೆಲಸಗಾರನಿಗಾದರೂ ಏನೋ ಸರಿಯಿಲ್ಲ ಅನ್ನಿಸಿದರೆ ಪಕ್ಕದಲ್ಲಿರುವ ಹಗ್ಗ ಎಳೆಯಬಹುದು. ದೀಪ ಹತ್ತುತ್ತೆ, ಟೀಮ್ ಲೀಡರ್ ಅಲ್ಲಿಗೇ ಬರುತ್ತಾರೆ. ಸ್ವಲ್ಪ ಹೊತ್ತಲ್ಲಿ ಸರಿಹೋಗದಿದ್ದರೆ ಲೈನೇ ನಿಲ್ಲುತ್ತೆ. ಇದರಲ್ಲಿ ಹಗ್ಗ ಅಷ್ಟು ದೊಡ್ಡ ವಿಷಯವಲ್ಲ, ಯಾರು ಬೇಕಾದರೂ ಕಟ್ಟಬಹುದು. ಎಳೆದಾಗ ಬರುವ ಲೀಡರ್ ‘ಯಾಕೆ ಎಳೆದೆ?’ ಅನ್ನದೆ ‘ಏನಾಯ್ತು, ಏನು ಬೇಕು?’ ಅನ್ನಬೇಕು. ಒಂದೇ ಸಲ ಗದರಿದರೂ ಸಾಕು, ಆ ಹಗ್ಗವನ್ನು ಮತ್ತೆ ಯಾರೂ ಮುಟ್ಟಲ್ಲ.

ಹೇಳಿದ ಮೇಲೂ ಕೇಳಿಸಿಕೊಳ್ಳದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಚಾಲೆಂಜರ್ ದುರಂತಕ್ಕಿಂತ ನೋವಿನ ಪಾಠ ನನಗೆ ಗೊತ್ತಿಲ್ಲ. 1986ರ ಜನವರಿ 28ರಂದು ಅಮೆರಿಕದ ಆ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿಗೇ ಛಿದ್ರವಾಯಿತು. ಏಳೂ ಜನ ಸತ್ತರು. ಬೂಸ್ಟರ್ ರಾಕೆಟ್ ತಯಾರಿಸಿದ ಕಂಪನಿಯ ಎಂಜಿನಿಯರ್‌ಗಳು ಹಿಂದಿನ ರಾತ್ರಿಯೇ ಫೋನಿನಲ್ಲಿ ಎಚ್ಚರಿಸಿದ್ದರು: ಚಳಿ ಜಾಸ್ತಿ ಇದೆ, ಜೋಡಣೆಗಳಲ್ಲಿರುವ ರಬ್ಬರ್ ಉಂಗುರಗಳು ಸೆಟೆದುಕೊಂಡರೆ ಬಿಸಿ ಅನಿಲ ಸೋರಬಹುದು, ನಾಳೆ ಹಾರಿಸಬೇಡಿ. ಮಾತು ಹೇಗೆ ತಿರುಗಿತು ಅಂದರೆ, ಹಾರಿಸಿದರೆ ಅಪಾಯ ಅಂತ ಸಾಬೀತು ಮಾಡುವ ಭಾರ ಆ ಎಂಜಿನಿಯರ್‌ಗಳ ಮೇಲೇ ಬಿತ್ತು. ಅವರ ಕೈಯಲ್ಲಿ ಪೂರ್ತಿ ಲೆಕ್ಕ ಇರಲಿಲ್ಲ. ಕೊನೆಗೆ ಅವರ ಮ್ಯಾನೇಜರ್‌ಗಳೇ ಒಪ್ಪಿಗೆ ಕೊಟ್ಟುಬಿಟ್ಟರು.

ನಮ್ಮ ಕೆಲಸದಲ್ಲಿ ಪ್ರಾಣ ಹೋಗಲ್ಲ, ನಿಜ. ಆದರೆ ‘ಅದು ಕೈಕೊಡುತ್ತೆ ಅಂತ ಹೇಗೆ ಹೇಳ್ತೀರಾ, ಡೇಟಾ ಇದೆಯಾ?’ ಅಂತ ನಾವೂ ಎಷ್ಟು ಸಲ ಕೇಳಿಲ್ಲ? ಮುಂದಿನ ಸಲ ಹಾಗೆ ಕೇಳುವ ಬದಲು, ‘ಸರಿ, ಕೈಕೊಡಲ್ಲ ಅಂತ ಖಾತ್ರಿ ಮಾಡಿಕೊಳ್ಳೋಕೆ ನಮಗೆ ಎಷ್ಟು ದಿನ ಬೇಕು?’ ಅಂತ ಕೇಳಿ ನೋಡಿ.

ಈ ಸೋಮವಾರವೇ ಒಂದು ಕೆಲಸ ಮಾಡಿ. ಮೀಟಿಂಗ್ ಶುರುವಾದ ಕೂಡಲೇ ನಿಮ್ಮದೇ ಒಂದು ತಡವಾದ ಕೆಲಸದ ಬಗ್ಗೆ ಹೇಳಿ. ಕ್ಲೈಂಟ್ ಹತ್ತಿರ ಕೇಳಬೇಕಿದ್ದು ಕೇಳಿಲ್ಲ, ಸರ್ವರ್‌ಗೆ ಅನುಮತಿ ಇನ್ನೂ ಬಂದಿಲ್ಲ, ಹೀಗೆ ಏನೋ ಇದ್ದೇ ಇರುತ್ತೆ. ನಾಲ್ಕೈದು ವಾರ ಬಿಡದೆ ಮಾಡಿ. ಮೊದಲ ವಾರ ಯಾರೂ ಬಾಯಿ ಬಿಡಲ್ಲ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಶಿವಮೊಗ್ಗದಲ್ಲಿ ಮನೆ ಕಟ್ಟುವ ಒಂದು ಸಂಸ್ಥೆಯಲ್ಲಿ ಸೈಟ್ ಎಂಜಿನಿಯರ್ ಆಗಿದ್ದೇನೆ. ನನಗೆ 26 ವರ್ಷ, ಮೇಸ್ತ್ರಿಗೆ ಐವತ್ತೈದರ ಮೇಲೆ. ‘ಆಯ್ತು ಮೇಡಂ’ ಅಂತಾರೆ, ನಾನು ಆ ಕಡೆ ಹೋದ ಮೇಲೆ ತಮಗೆ ಬೇಕಾದ ಹಾಗೇ ಮಾಡ್ತಾರೆ. ಕಾಂಕ್ರೀಟಿಗೆ ನೀರು ಜಾಸ್ತಿ ಹಾಕಬೇಡಿ ಅಂತ ಎಲ್ಲರ ಮುಂದೆ ಜೋರಾಗಿ ಹೇಳಿದೆ. ಆವತ್ತಿಂದ ಮಾತೇ ಕಮ್ಮಿ ಆಗಿದೆ. ಹೇಗೆ ಸರಿ ಮಾಡಲಿ?

ನೀವು ಹೇಳಿದ ವಿಷಯ ನೂರಕ್ಕೆ ನೂರು ಸರಿ. ಹೇಳಿದ ಜಾಗ ತಪ್ಪು. ತಮ್ಮ ಕೈಕೆಳಗಿನ ಹತ್ತು ಆಳುಗಳ ಎದುರು ಮಗಳ ವಯಸ್ಸಿನವರಿಂದ ಹೇಳಿಸಿಕೊಂಡರು. ಅವರಿಗೆ ನೋವಾಗಿರೋದು ನೀರಿನ ಲೆಕ್ಕದಿಂದ ಅಲ್ಲ.

ಮೊದಲು ಅದನ್ನು ಸರಿಮಾಡಿ. ಬೆಳಿಗ್ಗೆ ಕೆಲಸ ಶುರುವಾಗೋ ಮುಂಚೆ, ಟೀ ಬರುವ ಹೊತ್ತಿಗೆ ಹೋಗಿ. ‘ಅಣ್ಣಾ, ಆವತ್ತು ಎಲ್ಲರ ಮುಂದೆ ಹಾಗೆ ಹೇಳಬಾರದಿತ್ತು’ ಅನ್ನಿ. ಅಷ್ಟು ಸಾಕು. ‘ಆದರೆ’ ಅಂತ ಮುಂದುವರಿಸಬೇಡಿ. ನೀರಿನ ವಿಷಯ ಇನ್ನೊಂದು ದಿನಕ್ಕೆ ಇರಲಿ.

ಆ ಇನ್ನೊಂದು ದಿನ ಬಂದಾಗ ಅವರನ್ನು ಕೇಳುವ ಮೂಲಕ ಶುರು ಮಾಡಿ. ಅವರು ನೀರು ಯಾಕೆ ಜಾಸ್ತಿ ಹಾಕಿಸ್ತಾರೆ? ಕಾಂಕ್ರೀಟ್ ತೆಳುವಾದರೆ ಹರವೋದು ಸುಲಭ, ಆಳುಗಳ ಸೊಂಟ ಉಳಿಯುತ್ತೆ, ಸಂಜೆಯೊಳಗೆ ಮೋಲ್ಡ್ ಮುಗಿಯುತ್ತೆ. ಅವರ ಕಡೆಯಿಂದ ಅದು ಸರಿಯಾದ ಕಾರಣವೇ. ನಿಮ್ಮ ಕಾರಣವನ್ನೂ ಹೇಳಿ. ಹೆಚ್ಚಾದ ನೀರು ಆರಿಹೋದ ಮೇಲೆ ಒಳಗೆ ಸಣ್ಣ ಸಣ್ಣ ರಂಧ್ರ ಉಳಿಯುತ್ತೆ, ಬಲ ಕಮ್ಮಿಯಾಗುತ್ತೆ, ಮುಂದೆ ನೀರು ಇಳಿದು ಕಬ್ಬಿಣ ತುಕ್ಕು ಹಿಡಿಯುತ್ತೆ. ಸಿಮೆಂಟಿನ ತೂಕದ ಅರ್ಧದಷ್ಟು ನೀರು, ಅಂದರೆ 0.5ರ ಲೆಕ್ಕದಲ್ಲಿ 50 ಕಿಲೋ ಸಿಮೆಂಟ್ ಮೂಟೆಗೆ 25 ಲೀಟರ್. ಆದರೆ ಮರಳು ಎಷ್ಟು ಒದ್ದೆ ಇದೆ ಅನ್ನೋದರ ಮೇಲೆ ಆ ಅಳತೆ ಏರುಪೇರಾಗುತ್ತೆ, ಅಲ್ವಾ? ಮಲೆನಾಡ ಕಡೆ ಮಳೆಗಾಲದಲ್ಲಂತೂ ಇದು ದೊಡ್ಡ ವಿಷಯ. ಒಂದು ಹಿಡಿ ಮರಳನ್ನು ಅಂಗೈಲಿ ಹಿಸುಕಿ ನೋಡಿ ಎಷ್ಟು ತೇವ ಇದೆ ಅಂತ ಅಂದಾಜು ಹೇಳುವುದು ಮೂವತ್ತು ವರ್ಷ ಕೆಲಸ ಮಾಡಿದ ಮೇಸ್ತ್ರಿಗೆ ಬರುತ್ತೆ. ಅದನ್ನು ಅವರಿಂದ ಕಲಿಯಿರಿ. ನಿಜವಾಗಿ ಕಲಿಯಿರಿ, ಸುಮ್ನೆ ಸಮಾಧಾನಕ್ಕಲ್ಲ. ಹರಿಯಲ್ಲ ಅನ್ನೋ ಅವರ ಕಷ್ಟಕ್ಕೆ ಒಳ್ಳೆ ವೈಬ್ರೇಟರ್ (ಕಾಂಕ್ರೀಟನ್ನು ಅದುರಿಸಿ ಕೂರಿಸುವ ಯಂತ್ರ) ತರಿಸಿಕೊಡಿ, ಅಥವಾ ಆವತ್ತಿಗೆ ಇಬ್ಬರು ಆಳು ಹೆಚ್ಚು ಕೊಡಿಸಿ. ಅದು ನಿಮ್ಮ ಕೈಯಲ್ಲಿರುವ ಕೆಲಸ.

ಜೊತೆಗೆ, ಯಾವುದರಲ್ಲಿ ನೀವು ಬಗ್ಗಲ್ಲ ಅನ್ನೋದನ್ನು ಮೊದಲೇ ತಿಳಿಸಿ. ನನ್ನನ್ನು ಕೇಳಿದರೆ ನಾಲ್ಕೇ: ನೀರಿನ ಅಳತೆ, ಕವರ್ ಬ್ಲಾಕ್ (ಕಬ್ಬಿಣ ಅಚ್ಚಿಗೆ ತಾಗದಂತೆ ಇಡುವ ಸಣ್ಣ ತುಂಡು), ಕ್ಯೂರಿಂಗ್ ಅಂದರೆ ನೀರುಣಿಸೋದು, ಸೆಂಟ್ರಿಂಗ್ ಅಂದರೆ ಕಾಂಕ್ರೀಟಿಗೆ ಕೊಟ್ಟ ಅಚ್ಚು-ಆಸರೆ ಬಿಚ್ಚುವ ದಿನ. ಮಾಮೂಲಿ ಸಿಮೆಂಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿಗೆ 10 ದಿನ ನೀರುಣಿಸಬೇಕು. ನಾಲ್ಕೂವರೆ ಮೀಟರ್‌ಗಿಂತ ಅಗಲದ ಸ್ಲ್ಯಾಬಿನ ಆಸರೆ ಕಂಬಗಳನ್ನು 14 ದಿನ ಮುಟ್ಟಬಾರದು. ಮಿಕ್ಕಿದ್ದು, ಅಂದರೆ ಯಾರನ್ನು ಯಾವ ಕೆಲಸಕ್ಕೆ ಹಾಕೋದು, ಯಾವ ಗೋಡೆ ಮೊದಲು, ಅವರಿಗೇ ಬಿಡಿ. ಎಲ್ಲದಕ್ಕೂ ಮೂಗು ತೂರಿಸುವ ಎಂಜಿನಿಯರ್ ಮಾತನ್ನು ಯಾವ ಮೇಸ್ತ್ರಿಯೂ ಮನಸ್ಸಿಗೆ ಹಾಕಿಕೊಳ್ಳಲ್ಲ.

ಕಬ್ಬಿಣ ಕಮ್ಮಿ ಬಿದ್ದಿದೆ, ಪಾಯದಲ್ಲಿ ಮಣ್ಣು ಮೆತ್ತಗಿದೆ ಅಂತ ಮೊದಲು ಕಾಣೋದು ಅವರಿಗೇ. ಅದು ಅವತ್ತೇ ನಿಮ್ಮ ಕಿವಿಗೆ ಬೀಳಬೇಕಾದರೆ ಅವರು ನಿಮ್ಮ ಹತ್ತಿರ ಮಾತಾಡುವಂತಿರಬೇಕು. ಆ ಟೀಗೆ ನಾಳೆಯೇ ಹೋಗಿ.

ಪ್ರಶ್ನೆ: ಮೈಸೂರಿನಿಂದ ಬರೆಯುತ್ತಿದ್ದೇನೆ. ನಮ್ಮ ಪ್ರಾಜೆಕ್ಟ್ ಒಂದು ತಿಂಗಳು ಹಿಂದೆ ಬಿದ್ದಿದೆ. ಮೇಲಿನವರು ‘ಇನ್ನೂ ನಾಲ್ಕು ಜನ ಕೊಡ್ತೀವಿ, ಹೇಳಿದ ದಿನಕ್ಕೆ ಮುಗಿಸಿ’ ಅಂತಿದ್ದಾರೆ. ಈಗ ಆರು ಜನ ಇದ್ದೇವೆ. ಒಪ್ಪಿಕೊಳ್ಳಲಾ?

ಕೊನೆಯ ಹಂತದಲ್ಲಿದ್ದರೆ ಬೇಡ ಅನ್ನಿ. 1960ರ ದಶಕದಲ್ಲಿ ಐಬಿಎಂ ಕಂಪನಿಯ ದೊಡ್ಡದೊಂದು ಸಾಫ್ಟ್‌ವೇರ್ ಕೆಲಸ ನಡೆಸಿದ ಫ್ರೆಡ್ ಬ್ರೂಕ್ಸ್ ಇದನ್ನು ಅನುಭವಿಸಿ ಹೇಳಿದ್ದಾರೆ: ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತೆ. ಆರು ಜನ ಇದ್ದಾಗ ಇಬ್ಬಿಬ್ಬರ ನಡುವಿನ ಮಾತುಕತೆ 15 ಜೋಡಿ. ಹತ್ತು ಜನ ಆದರೆ 45. ಹೊಸಬರಿಗೆ ಕಲಿಸೋರು ಯಾರು? ಈಗ ರಾತ್ರಿ ಹಗಲು ದುಡಿಯುತ್ತಿರುವ ಅದೇ ಆರು ಜನ.

ಆದರೆ ಬರೀ ‘ಬೇಡ’ ಅಂದರೆ ಮೇಲಿನವರು ಕೇಳಲ್ಲ. ಎರಡು ದಾರಿ ಇಟ್ಟುಕೊಂಡು ಹೋಗಿ. ಒಂದು, ಆ ದಿನಾಂಕಕ್ಕೆ ಏನೇನು ಕೊಡಬಹುದು, ಯಾವುದನ್ನು ಮುಂದಿನ ಕಂತಿಗೆ ಹಾಕಬಹುದು ಅನ್ನೋ ಪಟ್ಟಿ. ಇನ್ನೊಂದು, ಎಲ್ಲವೂ ಬೇಕಂದರೆ ನಿಜವಾದ ದಿನಾಂಕ. ಹೊಸಬರಿಗೆ ಬಿಡಿಯಾಗಿ ಕೊಡಬಹುದಾದ ಕೆಲಸ, ಟೆಸ್ಟಿಂಗ್ ಥರದ್ದು, ಇದ್ದರೆ ಒಬ್ಬಿಬ್ಬರನ್ನು ತಗೊಳ್ಳಿ. ನಾಲ್ಕು ಬೇಡ.

ಪ್ರಶ್ನೆ: ಹುಬ್ಬಳ್ಳಿಯಲ್ಲಿದ್ದುಕೊಂಡು ಅಮೆರಿಕದ ಕ್ಲೈಂಟ್‌ಗೆ ಕೆಲಸ ಮಾಡುವ ಟೀಮ್ ನಮ್ಮದು. ಹೋದ ವಾರ ಡೆಮೊ ಮಧ್ಯದಲ್ಲೇ ನಿಂತುಹೋಯಿತು. ಹೊಸ ಹುಡುಗನೊಬ್ಬ ರಾತ್ರಿ ಒಂದು ಸೆಟ್ಟಿಂಗ್ ಬದಲಿಸಿದ್ದ. ಈಗ ನಮ್ಮ ಬಾಸ್ ‘ಯಾರು ಮಾಡಿದ್ದು, ಹೆಸರು ಹೇಳಿ’ ಅಂತಿದ್ದಾರೆ. ಹೇಳಲೇಬೇಕಾ?

ನಿಮ್ಮ ಟೀಮ್, ನಿಮ್ಮ ಡೆಮೊ. ‘ತಪ್ಪು ನನ್ನ ಕಡೆಯಿಂದ ಆಗಿದೆ ಸರ್, ಇನ್ನೊಮ್ಮೆ ಆಗದ ಹಾಗೆ ಏನು ಮಾಡ್ತೀವಿ ಅಂತ ನಾಳೆ ಬರೆದು ಕಳಿಸ್ತೀನಿ’ ಅನ್ನಿ. ಇದರಲ್ಲಿ ಸುಳ್ಳೇನೂ ಇಲ್ಲ. ಡೆಮೊಗೆ ಮುಂಚಿನ ರಾತ್ರಿ ಹೊಸಬನೊಬ್ಬ ಒಬ್ಬನೇ ಸೆಟ್ಟಿಂಗ್ ಬದಲಿಸಬಹುದಾಗಿತ್ತು ಅಂದರೆ, ಆ ಬಾಗಿಲು ತೆರೆದಿಟ್ಟವರು ನೀವೂ ಹೌದು. ಇದನ್ನು ಮುಳ್ಳು ಚುಚ್ಚೋಕೆ ಹೇಳುತ್ತಿಲ್ಲ.

ಆಮೇಲೆ ಆ ಹುಡುಗನನ್ನು ಕೂರಿಸಿಕೊಂಡು ಏನಾಯ್ತು ಅಂತ ಗಂಟೆಗಂಟೆಯ ಲೆಕ್ಕದಲ್ಲಿ ಬರೆಯಿರಿ. ಇದನ್ನು ಚೆನ್ನಾಗಿ ಮಾಡಿದವರು ನಮ್ಮ ಇಸ್ರೋದವರು. 2019ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-2ರ ಲ್ಯಾಂಡರ್ ಕೊನೇ ಗಳಿಗೆಯಲ್ಲಿ ಕೈತಪ್ಪಿತು. ಅವರು ಒಂದೊಂದೇ ಎಳೆ ಬಿಡಿಸಿ ನೋಡಿದರು. ಎಂಜಿನ್‌ಗಳು ಎಣಿಸಿದ್ದಕ್ಕಿಂತ ಜಾಸ್ತಿ ಬಲ ಕೊಟ್ಟವು, ತಪ್ಪುಗಳು ಒಟ್ಟುಗೂಡುತ್ತಾ ಹೋದವು, ನೌಕೆ ಅಷ್ಟು ಬೇಗ ತಿರುಗಲಾರದಾಯಿತು. ಇಳಿಯಲು ಗೊತ್ತು ಮಾಡಿದ್ದ ಜಾಗ 500 ಮೀಟರ್ ಉದ್ದ, 500 ಮೀಟರ್ ಅಗಲ ಮಾತ್ರ. ಮುಂದಿನ ಸಲ ಆ ಜಾಗವನ್ನು 4 ಕಿಲೋಮೀಟರ್‌ಗೆ 2.4 ಕಿಲೋಮೀಟರ್ ಮಾಡಿದರು. ಕಾಲುಗಳನ್ನು ಗಟ್ಟಿ ಮಾಡಿದರು, ಇಂಧನ ಹೆಚ್ಚಿಸಿದರು. ಏನೇನು ಕೈಕೊಡಬಹುದು ಅಂತ ಮೊದಲೇ ಎಣಿಸಿ, ಕೈಕೊಟ್ಟರೂ ಇಳಿಯುವ ಹಾಗೆ ವಿನ್ಯಾಸ ಮಾಡಿದೆವು ಅಂತ ಆಗಿನ ಅಧ್ಯಕ್ಷ ಸೋಮನಾಥ್ ವಿವರಿಸಿದ್ದರು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದಾಗ ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಕಂಡ ಮುಖಗಳನ್ನು ನೆನೆಸಿಕೊಂಡರೆ ನನಗೆ ಈಗಲೂ ಗಂಟಲು ಕಟ್ಟುತ್ತೆ. ಅವರಲ್ಲಿ ಎಷ್ಟೋ ಜನ ಹಿಂದಿನ ಸಲವೂ ಅದೇ ಕೆಲಸದಲ್ಲಿದ್ದವರು.

ನಿಮ್ಮ ಡೆಮೊಗೂ ಹೀಗೇ. ಹಿಂದಿನ ದಿನ ಸಂಜೆ ಆರರ ಮೇಲೆ ಯಾವ ಬದಲಾವಣೆಯೂ ಇಲ್ಲ. ಮಾಡಲೇಬೇಕಾದರೆ ಇಬ್ಬರು ನೋಡಿ ಒಪ್ಪಬೇಕು. ಕೈಕೊಟ್ಟರೆ ತೋರಿಸೋಕೆ ರೆಕಾರ್ಡ್ ಮಾಡಿದ ವಿಡಿಯೊ ಒಂದು ಸಿದ್ಧ ಇರಲಿ. ಈ ಮೂರನ್ನೂ ಬರೆದು ಬಾಸ್‌ಗೆ ಕಳಿಸಿ. ಅದಾದ ಮೇಲೂ ಹೆಸರು ಕೇಳಿದರೆ, ‘ಅವನ ಜೊತೆ ನಾನು ಮಾತಾಡಿದ್ದೀನಿ ಸರ್’ ಅಂತಷ್ಟೇ ಹೇಳಿ. ಮುಂದಿನ ಡೆಮೊದ ಸಿದ್ಧತೆಯನ್ನು ಆ ಹುಡುಗನ ಕೈಗೇ ಕೊಡಿ, ನೀವು ಪಕ್ಕದಲ್ಲಿರಿ. ಎಲ್ಲಿ ಎಡವಬಹುದು ಅನ್ನೋದು ಈಗ ನಿಮ್ಮ ಟೀಮಿನಲ್ಲಿ ಅವನಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ.